ಬೇಕಂತ ಹಚ್ಚಿದ್ದಲ್ಲ, ಆದರೂ ಪಕ್ಕದವರ ಕಬ್ಬಿಗೆ ನಾನು ದುಡ್ಡು ಕೊಡಬೇಕಾ?

ಪ್ರಶ್ನೆ: ನಾನು ಪಾಂಡವಪುರ ತಾಲ್ಲೂಕಿನ ರೈತ. ಫೆಬ್ರವರಿಯಲ್ಲಿ ಕಬ್ಬು ಕಟಾವಾದ ಮೇಲೆ ಗದ್ದೆಯಲ್ಲಿ ಬಿದ್ದಿದ್ದ ತರಗಿಗೆ ಬೆಂಕಿ ಹಾಕಿಸಿದೆ. ನಮ್ಮ ಕಡೆ ಎಲ್ಲರೂ ಮಾಡುವುದೇ ಅದು. ಆಳೊಬ್ಬನನ್ನು ನೋಡಿಕೊಳ್ಳಲು ಬಿಟ್ಟು ನಾನು ಬ್ಯಾಂಕ್ ಕೆಲಸಕ್ಕೆ ಮಂಡ್ಯಕ್ಕೆ ಹೋಗಿದ್ದೆ. ಬೆಂಕಿ ಆರಿದ ಹಾಗೆ ಕಂಡಿತು ಅಂತ ಅವನು ಮಧ್ಯಾಹ್ನ ಊಟಕ್ಕೆ ಮನೆಗೆ ಹೋದ. ಅಷ್ಟರಲ್ಲಿ ಗಾಳಿ ಎದ್ದು ಬೆಂಕಿ ಬದು ದಾಟಿತು. ಪಕ್ಕದವರ ಒಂದು ಎಕರೆ ಹತ್ತು ತಿಂಗಳ ಕಬ್ಬು, ಡ್ರಿಪ್ ಪೈಪು, ಎರಡು ತೆಂಗಿನ ಮರ ಸುಟ್ಟವು. ಮಾರನೇ ದಿನವೇ ಹೋಗಿ ‘ತಪ್ಪಾಯ್ತು’ ಅಂದೆ. ಈಗ ಅವರು ಲಾಯರ್ ನೋಟಿಸ್ ಕಳಿಸಿದ್ದಾರೆ. ಮಾನಸಿಕ ಹಿಂಸೆಗೆ 1 ಲಕ್ಷ ಸೇರಿಸಿ ಒಟ್ಟು 4 ಲಕ್ಷ ಕೇಳುತ್ತಿದ್ದಾರೆ. ಪೊಲೀಸರಿಗೂ ದೂರು ಕೊಡುತ್ತಾರಂತೆ. ಊರಿನ ಹಿರಿಯರೊಬ್ಬರು ‘ಬೇಕಂತ ಮಾಡಿದ್ದಲ್ಲವಲ್ಲ, ಕೇಸು ನಿಲ್ಲಲ್ಲ, ಸುಮ್ನಿರು’ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಊರಿನ ಹಿರಿಯರು ಹೇಳಿದ್ದು ಅರ್ಧ ಸರಿ. ಪೊಲೀಸ್ ಕೇಸಿನ ಮಟ್ಟಿಗೆ ಆ ಮಾತಿನಲ್ಲಿ ಹುರುಳಿದೆ. ನಷ್ಟ ಪರಿಹಾರದ ಸಿವಿಲ್ ಕೇಸಿನಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ. ನೀವು ಬರೆದಿರುವುದೆಲ್ಲ ಹಾಗೇ ನಡೆದಿದ್ದರೆ ಪಕ್ಕದವರಿಗೆ ದುಡ್ಡು ಕೊಡಬೇಕಾಗುತ್ತದೆ. ಆದರೆ 4 ಲಕ್ಷ ಕೊಡಬೇಕಾಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ನಿಮ್ಮ ನಿಜವಾದ ಜಗಳ ಇರುವುದು ಆ ಮೊತ್ತದಲ್ಲಿ.

ಬೇಕಂತ ಮಾಡದಿದ್ದರೆ ಹೊಣೆ ಇಲ್ಲ ಅನ್ನುವ ನಂಬಿಕೆ ಎಷ್ಟು ಗಟ್ಟಿಯಾಗಿದೆ ಅಂದರೆ, ಓದಿದವರೂ ಕಚೇರಿಗೆ ಬಂದು ಅದನ್ನೇ ಹೇಳುತ್ತಾರೆ. ಮೈಸೂರು–ಬೆಂಗಳೂರು ರಸ್ತೆಯಲ್ಲಿ ಗಾಡಿ ಗುದ್ದಿದವರಲ್ಲಿ ಬೇಕಂತ ಗುದ್ದಿದವರು ಎಷ್ಟು ಜನ? ಹುಡುಕಿದರೂ ಸಿಗುವುದಿಲ್ಲ. ಆದರೂ ಮೋಟಾರು ಅಪಘಾತ ನ್ಯಾಯಮಂಡಳಿ ಪರಿಹಾರ ಕೊಡಿಸುತ್ತಲೇ ಇರುತ್ತದೆ, ಅಲ್ವಾ? ನಷ್ಟ ಕೊಡಿಸುವ ಕೋರ್ಟು ನಿಮ್ಮ ಮನಸ್ಸಿನಲ್ಲಿ ಏನಿತ್ತು ಅಂತ ಕೆದಕುವುದಿಲ್ಲ. ನೀವು ಏನು ಮಾಡಿದಿರಿ, ಏನು ಮಾಡಬೇಕಿತ್ತು, ಎರಡರ ನಡುವೆ ಅಂತರ ಎಷ್ಟು ಅಂತ ನೋಡುತ್ತದೆ. ಆ ಅಂತರಕ್ಕೇ ನಿರ್ಲಕ್ಷ್ಯ ಅನ್ನುವುದು.

ನಮ್ಮ ದೇಶದಲ್ಲಿ ಇದಕ್ಕೆ ಅಂತ ಒಂದು ಕಾಯ್ದೆ ಇಲ್ಲ. ಕರಾರಿಗೆ 1872ರ ಕಾಯ್ದೆ ಇದೆ, ಆಸ್ತಿ ವರ್ಗಾವಣೆಗೆ 1882ರದ್ದು ಇದೆ. ನಿರ್ಲಕ್ಷ್ಯದ ಕಾನೂನು ಮಾತ್ರ ಬಹುಪಾಲು ತೀರ್ಪುಗಳಲ್ಲೇ ಬೆಳೆದದ್ದು. ಅದರ ಬೇರು ಇಂಗ್ಲೆಂಡಿನಲ್ಲಿದೆ. ಹಾಗಾಗಿ ಪಾಂಡವಪುರದ ಕಬ್ಬಿನ ಕೇಸಿನಲ್ಲೂ ಅಲ್ಲಿನ ಹಳೇ ತೀರ್ಪುಗಳ ಮಾತು ಬರುತ್ತದೆ. ವಿಚಿತ್ರ ಅನ್ನಿಸಬಹುದು. ಆದರೆ ನಿಮ್ಮ ಕಥೆಗೆ ಬಹಳ ಹತ್ತಿರದ ಎರಡು ಕೇಸುಗಳು ಅಲ್ಲಿ ನಡೆದಿವೆ.

ಮೊದಲನೆಯದು 1697ರದ್ದು. ಒಬ್ಬನ ಹೊಲದಲ್ಲಿ ಆಳು ಕೂಳೆಗೆ ಬೆಂಕಿ ಹಾಕಿದ. ಅದು ಪಕ್ಕದವನ ಜಮೀನಿಗೆ ಹಬ್ಬಿತು. ಮನೆಯೊಳಗಿನ ಬೆಂಕಿಯನ್ನು ಹೇಗೆ ಕಾಯಬೇಕೋ ಹೊಲದ ಬೆಂಕಿಯನ್ನೂ ಹಾಗೇ ಕಾಯಬೇಕು, ಆಳು ಹಚ್ಚಿದರೂ ಹೊಣೆ ಯಜಮಾನನದೇ ಅಂತ ತೀರ್ಪಾಯಿತು.

ಎರಡನೆಯದು 1837ರದ್ದು, ಇನ್ನೂ ಸ್ವಾರಸ್ಯದ್ದು. ಒಬ್ಬ ರೈತ ತನ್ನ ಗಡಿಯ ಹತ್ತಿರವೇ ಹುಲ್ಲಿನ ಮೆದೆ ಒಟ್ಟಿದ. ಪಕ್ಕದಲ್ಲೇ ಬೇರೆಯವರ ಮನೆಗಳು. ಹಸಿ ಹುಲ್ಲು ಒಳಗೇ ಕಾವೇರುತ್ತಿದೆ, ಬೆಂಕಿ ಹತ್ತಿಕೊಳ್ಳುತ್ತದೆ ಅಂತ ಐದು ವಾರ ಜನ ಎಚ್ಚರಿಸಿದರು. ಅವನ ಮಾಲಿಗೆ ವಿಮೆ ಇತ್ತು. ಬಂದದ್ದು ಬರಲಿ ಅಂದ. ಕೊನೆಗೆ ಕಾವು ಹೋಗಲಿ ಅಂತ ಮೆದೆಯ ಮಧ್ಯೆ ಕಿಂಡಿಯನ್ನೇನೋ ಬಿಟ್ಟ. ಆದರೂ ಮೆದೆ ಹೊತ್ತಿ ಪಕ್ಕದ ಮನೆಗಳು ಸುಟ್ಟವು. ಕೋರ್ಟಿನಲ್ಲಿ ಅವನ ವಾದ ಇಷ್ಟೇ: ನನ್ನ ಬುದ್ಧಿಗೆ ತೋಚಿದ್ದನ್ನು ನಾನು ಪ್ರಾಮಾಣಿಕವಾಗಿ ಮಾಡಿದೆ, ಬುದ್ಧಿ ಕಡಿಮೆ ಇದ್ದದ್ದು ನನ್ನ ತಪ್ಪಾ? ಕೋರ್ಟು ಒಪ್ಪಲಿಲ್ಲ. ಒಬ್ಬೊಬ್ಬರ ಬುದ್ಧಿಯನ್ನೇ ಅಳತೆಗೋಲು ಮಾಡಿಕೊಂಡರೆ, ಒಬ್ಬೊಬ್ಬರ ಪಾದ ಒಂದೊಂದು ಉದ್ದ ಇರುವ ಹಾಗೆ ಅಳತೆಯೂ ಬದಲಾಗುತ್ತಾ ಹೋಗುತ್ತದೆ ಅಂದರು ನ್ಯಾಯಾಧೀಶರು. ಅಂಥ ಜಾಗದಲ್ಲಿ ಸಾಧಾರಣ ಎಚ್ಚರ ಇರುವ ಮನುಷ್ಯ ಏನು ಮಾಡುತ್ತಿದ್ದನೋ ಅದೇ ಎಲ್ಲರಿಗೂ ಅಳತೆ. ಇಂದಿಗೂ ನಡೆಯುತ್ತಿರುವುದು ಅದೇ ಅಳತೆ.

ಆ ಸಾಧಾರಣ ಮನುಷ್ಯನನ್ನು ನಾವು ಮಂಡ್ಯಕ್ಕೆ ಕರೆದುಕೊಂಡು ಬರೋಣ. ತರಗಿಗೆ ಬೆಂಕಿ ಹಾಕುವುದೇ ಬೇಡ, ಮಣ್ಣಿಗೇ ಸೇರಿಸಿ ಅಂತ ಕೃಷಿ ಇಲಾಖೆಯವರು ಹೇಳುತ್ತಾ ಬಂದಿದ್ದಾರೆ. ಅದು ಹಾಗಿರಲಿ. ಹಾಕಲೇಬೇಕು ಅಂದುಕೊಂಡ ಎಚ್ಚರದ ರೈತ ಮೊದಲು ಬದುವಿನ ಉದ್ದಕ್ಕೂ ತರಗನ್ನು ಒಳಕ್ಕೆ ಎಳೆಯುತ್ತಾನೆ. ಆ ಪಟ್ಟಿಗೆ ನೀರು ಹಾಯಿಸುತ್ತಾನೆ. ತ್ರೀ ಫೇಸ್ ಕರೆಂಟು ಯಾವಾಗ ಇರುತ್ತದೆ ಅಂತ ನೋಡಿಕೊಂಡು, ಮೋಟಾರು ಓಡುವ ಹೊತ್ತಿಗೇ ಬೆಂಕಿ ಹಾಕುತ್ತಾನೆ. ಬಿಸಿಲು ಏರುವ ಮುಂಚೆ, ಗಾಳಿ ಇಲ್ಲದ ಬೆಳಗಿನ ಹೊತ್ತು ಆರಿಸಿಕೊಳ್ಳುತ್ತಾನೆ. ಗಾಳಿಗೆ ಎದುರಾಗಿ, ಸ್ವಲ್ಪ ಸ್ವಲ್ಪವೇ ಸುಡುತ್ತಾನೆ. ಪಕ್ಕದವರಿಗೆ ಒಂದು ಮಾತು ಹೇಳುತ್ತಾನೆ. ಹಸಿ ಸೊಪ್ಪು ಹಿಡಿದು ಇಬ್ಬರು ಮೂವರು ನಿಂತಿರುತ್ತಾರೆ. ಬೂದಿಯಲ್ಲಿ ಕೆಂಡ ಇಲ್ಲ ಅಂತ ಖಾತ್ರಿಯಾಗುವವರೆಗೆ ಯಾರೂ ಜಾಗ ಬಿಡುವುದಿಲ್ಲ.

ಇದರಲ್ಲಿ ದೊಡ್ಡ ಖರ್ಚಿನದು ಒಂದೂ ಇಲ್ಲ ಅನ್ನುವುದನ್ನು ಗಮನಿಸಿ. ಕೋರ್ಟು ಅದನ್ನು ಖಂಡಿತ ಗಮನಿಸುತ್ತದೆ. ಆಗಬಹುದಾದ ನಷ್ಟ ದೊಡ್ಡದು, ತಡೆಯುವ ಖರ್ಚು ಚಿಕ್ಕದು. ಅಂಥ ಕಡೆ ತಡೆಯದೆ ಇದ್ದದ್ದು ನಿರ್ಲಕ್ಷ್ಯ ಅನ್ನಿಸಿಕೊಳ್ಳುವುದು ಸುಲಭ. ‘ಎಲ್ಲರೂ ಹಾಗೇ ಮಾಡುತ್ತಾರೆ’ ಅನ್ನುವ ಮಾತು ಸ್ವಲ್ಪ ನೆರವಿಗೆ ಬರಬಹುದು, ಪೂರ್ತಿ ಕಾಪಾಡುವುದಿಲ್ಲ. ಊರೆಲ್ಲ ಅಜಾಗರೂಕತೆಯಿಂದ ಬೆಂಕಿ ಹಾಕುತ್ತಿದ್ದರೆ ಅದು ಊರಿನ ಅಭ್ಯಾಸ ಆಗುತ್ತದೆಯೇ ಹೊರತು ಎಚ್ಚರಿಕೆ ಆಗುವುದಿಲ್ಲ.

ನಿಮ್ಮ ಪತ್ರದಲ್ಲಿ ಕೇಸನ್ನು ತೀರ್ಮಾನ ಮಾಡುವ ಎರಡು ವಾಕ್ಯಗಳಿವೆ. ನೀವು ಮಂಡ್ಯಕ್ಕೆ ಹೋದದ್ದು ಒಂದು. ಆಳು ಊಟಕ್ಕೆ ಹೋದದ್ದು ಇನ್ನೊಂದು. ಮೊದಲನೆಯದನ್ನು ಹೇಗೋ ವಾದಿಸಬಹುದು, ಒಬ್ಬನನ್ನು ನೇಮಿಸಿಯೇ ಹೋಗಿದ್ದೆ ಅನ್ನಬಹುದು. ಎರಡನೆಯದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಫೆಬ್ರವರಿ ಮಧ್ಯಾಹ್ನ, ಕೆಂಡ ಇರುವ ಗದ್ದೆ, ಪಕ್ಕದಲ್ಲಿ ಒಣಗಿದ ಗರಿಯ ಕಬ್ಬು, ಕಾಯಲು ಒಬ್ಬರೂ ಇಲ್ಲ.

‘ಹಾಗಾದರೆ ಆಳಿನ ತಪ್ಪು’ ಅನ್ನಬೇಡಿ. ನಿಮ್ಮ ಕೆಲಸ ಮಾಡುತ್ತಿದ್ದಾಗ ಅವನು ಮಾಡಿದ ಅಜಾಗರೂಕತೆಗೆ ಕಾನೂನಿನಲ್ಲಿ ನೀವೇ ಹೊಣೆ. ಪಕ್ಕದವರು ಅವನನ್ನೂ ಪ್ರತಿವಾದಿ ಮಾಡಬಹುದು. ಆದರೆ ದಿನಗೂಲಿಯವನ ಹತ್ತಿರ ಏನು ವಸೂಲಾಗುತ್ತದೆ? ಅವರು ಬರುವುದು ನಿಮ್ಮ ಹತ್ತಿರವೇ. ಕಟಾವಿನ ಗ್ಯಾಂಗಿನವರಿಗೋ ಗುತ್ತಿಗೆದಾರನಿಗೋ ಒಪ್ಪಿಸಿದ್ದೆ ಅಂದರೂ ಬೆಂಕಿಯಂಥ ಅಪಾಯದ ಕೆಲಸದಲ್ಲಿ ಜಮೀನಿನವರು ಅಷ್ಟು ಸುಲಭವಾಗಿ ಬಿಡಿಸಿಕೊಳ್ಳಲಾಗುವುದಿಲ್ಲ. ಅವನ ಕೂಲಿಯಲ್ಲಿ ಮುರಿದುಕೊಳ್ಳುವ ಯೋಚನೆ ಇದ್ದರೆ ಅದನ್ನೂ ಬಿಡಿ. ಬೆಂಕಿ ಕಾಯಲು ಒಬ್ಬನನ್ನೇ ಬಿಟ್ಟು ಊಟಕ್ಕೆ ವ್ಯವಸ್ಥೆ ಮಾಡದೆ ಹೋದವರು ನೀವು.

ಹಾಗಂತ ಬೇರೆಯವರಿಗೆ ನಷ್ಟ ಆದಾಗಲೆಲ್ಲ ಯಾರೋ ಒಬ್ಬರು ಕೊಡಲೇಬೇಕು ಅಂತಿಲ್ಲ. ಬರೀ ಆಕಸ್ಮಿಕ ಅನ್ನುವುದಕ್ಕೂ ಕಾನೂನಿನಲ್ಲಿ ಜಾಗ ಇದೆ. 1975ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ತೀರ್ಮಾನಿಸಿದ ಒಂದು ಜೀಪಿನ ಕೇಸು ಕಾನೂನು ಓದುವ ಮಕ್ಕಳಿಗೆಲ್ಲ ಗೊತ್ತು. ಪೆಟ್ರೋಲ್ ಹಾಕಿಸಲು ಹೋಗುತ್ತಿದ್ದ ಜೀಪಿಗೆ ಇಬ್ಬರು ಕೈ ತೋರಿಸಿ ಹತ್ತಿಕೊಂಡರು. ಮುಂದಿನ ಚಕ್ರದ ಬೋಲ್ಟು ಇದ್ದಕ್ಕಿದ್ದಂತೆ ಕಳಚಿ ಜೀಪು ಮಗುಚಿತು. ಒಬ್ಬರು ತೀರಿಕೊಂಡರು. ಮೇಲ್ನೋಟಕ್ಕೆ ಕಾಣುವ ದೋಷ ಅಲ್ಲ, ಮಾಮೂಲಿ ತಪಾಸಣೆಯಲ್ಲಿ ಗೊತ್ತಾಗುತ್ತಿತ್ತು ಅನ್ನುವುದಕ್ಕೆ ಸಾಕ್ಷಿಯೂ ಇಲ್ಲ. ಹಾಗಾಗಿ ಅದು ಬರೀ ಆಕಸ್ಮಿಕ, ಮಾಲೀಕರಾಗಲಿ ಚಾಲಕರಾಗಲಿ ಹೊಣೆಯಲ್ಲ ಅಂದಿತು ಹೈಕೋರ್ಟು. ಅದಕ್ಕೂ ನಿಮ್ಮದಕ್ಕೂ ವ್ಯತ್ಯಾಸ ಇದೆ. ಬೋಲ್ಟು ಕಳಚುವುದನ್ನು ಮೊದಲೇ ಊಹಿಸಲು ಆಗುತ್ತಿರಲಿಲ್ಲ. ಬೇಸಿಗೆ ಮಧ್ಯಾಹ್ನ ಗಾಳಿ ಏಳುತ್ತದೆ ಅಂತ ಬಯಲಿನಲ್ಲಿ ಬೇಸಾಯ ಮಾಡುವ ಯಾರಿಗೆ ಗೊತ್ತಿಲ್ಲ? ದೇವರು ಕೊಟ್ಟ ಗಾಳಿ ಅಂತ ವಾದಿಸುವ ಲಾಯರು ಸಿಗಬಹುದು. ಆ ಹೆಸರಿನ ರಕ್ಷಣೆ ಇರುವುದು ಯಾರೂ ನಿರೀಕ್ಷಿಸಲಾಗದ ಭೂಕಂಪ, ಮಹಾಪೂರದಂಥದ್ದಕ್ಕೆ. ಆ ವಾದಕ್ಕೆ ಫೀಸು ಕೊಡಬೇಡಿ.

ಇನ್ನೊಂದು ಮಾತು. ಅಪಾಯದ ವಸ್ತುವನ್ನು ತಂದಿಟ್ಟುಕೊಂಡವರು ಅದು ತಪ್ಪಿಸಿಕೊಂಡು ಹಾನಿ ಮಾಡಿದರೆ, ಎಚ್ಚರ ವಹಿಸಿದ್ದರೂ ಹೊಣೆ ಅನ್ನುವ ನಿಯಮ ಬೇರೆ ಇದೆ. 1868ರಲ್ಲಿ ಇಂಗ್ಲೆಂಡಿನಲ್ಲಿ, ಒಬ್ಬರು ಕಟ್ಟಿಸಿದ ನೀರಿನ ತೊಟ್ಟಿಯಿಂದ ಪಕ್ಕದ ಗಣಿಗೆ ನೀರು ನುಗ್ಗಿದ ಕೇಸಿನಲ್ಲಿ ಅದು ಗಟ್ಟಿಯಾಯಿತು. ಭೋಪಾಲದ ದುರಂತದ ನಂತರ, 1985ರಲ್ಲಿ ದೆಹಲಿಯ ಕಾರ್ಖಾನೆಯೊಂದರಿಂದ ಗ್ಯಾಸ್ ಸೋರಿದ ಮೇಲೆ ನಮ್ಮ ಸುಪ್ರೀಂ ಕೋರ್ಟು ಅಪಾಯಕಾರಿ ಉದ್ದಿಮೆಗಳಿಗೆ ಅದನ್ನು ಇನ್ನೂ ಬಿಗಿ ಮಾಡಿತು. ಬೇಸಾಯದ ಬೆಂಕಿಗೆ ಆ ನಿಯಮ ಎಷ್ಟರ ಮಟ್ಟಿಗೆ ಅನ್ವಯಿಸುತ್ತದೆ ಅನ್ನುವುದು ವಾದದ ವಿಷಯ. ಎದುರಿನ ಲಾಯರು ಅದನ್ನು ಎತ್ತಬಹುದು. ನಿರ್ಲಕ್ಷ್ಯವೇ ಸಾಬೀತಾಗುವ ನಿಮ್ಮ ಕೇಸಿನಲ್ಲಿ ಅವರಿಗೆ ಅದು ಬೇಕಾಗುವುದೂ ಇಲ್ಲ.

ನಿಮಗೆ ಉಳಿಯುವ ನಿಜವಾದ ರಕ್ಷಣೆ ಒಂದೇ: ಆ ಕಬ್ಬು ನಿಮ್ಮ ಬೆಂಕಿಯಿಂದಲೇ ಸುಟ್ಟಿತಾ? ನೀವು ಹೌದು ಅನ್ನುತ್ತೀರಿ, ಆದರೆ ಕಬ್ಬಿಗೆ ಬೆಂಕಿ ಹತ್ತಿಕೊಂಡ ಕ್ಷಣ ಅಲ್ಲಿ ಯಾರೂ ಇರಲಿಲ್ಲ. ಮೇಲೆ ಜೋತುಬಿದ್ದ ಕರೆಂಟ್ ತಂತಿ ಇದೆಯಾ? ಗಾಳಿಗೆ ತಂತಿ ತಗುಲಿ ಕಿಡಿ ಬಿದ್ದು ಕಬ್ಬು ಸುಡುವುದು ನಮ್ಮ ಕಡೆ ಹೊಸದಲ್ಲ. ಹಾಗಾಗಿದ್ದರೆ ಹೊಣೆ ವಿದ್ಯುತ್ ಕಂಪನಿಯ ಕಡೆ ಹೋಗುತ್ತದೆ. ತುಂಡಾದ ತಂತಿ ತಗುಲಿ ಒಬ್ಬರು ಸತ್ತ ಪ್ರಕರಣದಲ್ಲಿ, ಎಚ್ಚರ ವಹಿಸಿದ್ದೆವು ಅಂದರೂ ವಿದ್ಯುತ್ ಮಂಡಳಿ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ಬೆಂಕಿ ಬದುವಿನ ಕಡೆಯಿಂದ ಹಬ್ಬಿತಾ, ಗದ್ದೆಯ ನಡುವಿನಿಂದ ಹತ್ತಿತಾ ಅನ್ನುವುದು ಸುಟ್ಟ ಗುರುತಿನಲ್ಲಿ ಗೊತ್ತಾಗುತ್ತದೆ. ಅಗ್ನಿಶಾಮಕ ದಳ ಬಂದಿದ್ದರೆ ಅವರ ವರದಿ ತೆಗೆದುಕೊಳ್ಳಿ. ತಂತಿ ಇಲ್ಲದಿದ್ದರೆ ಈ ದಾರಿಯನ್ನು ಮರೆತುಬಿಡಿ. ಇಲ್ಲದ ತಂತಿಯನ್ನು ಹುಟ್ಟಿಸಲು ಹೋಗಬೇಡಿ.

ಈಗ ಲೆಕ್ಕಕ್ಕೆ ಬರೋಣ. ಪರಿಹಾರದ ಉದ್ದೇಶ ಬೆಂಕಿ ಬೀಳದಿದ್ದರೆ ಅವರು ಯಾವ ಸ್ಥಿತಿಯಲ್ಲಿ ಇರುತ್ತಿದ್ದರೋ ಅಲ್ಲಿಗೆ ತಂದು ನಿಲ್ಲಿಸುವುದು. ಅದಕ್ಕಿಂತ ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ನಷ್ಟ ಎಷ್ಟು ಅಂತ ತೋರಿಸುವ ಹೊಣೆ ಅವರದು.

ಕಬ್ಬಿಗೆ ಒಂದು ಉದಾಹರಣೆ ಲೆಕ್ಕ ಹಾಕುತ್ತೇನೆ. ಎಕರೆಗೆ 40 ಟನ್ ಬರುತ್ತಿತ್ತು ಅಂತ ಇಟ್ಟುಕೊಳ್ಳಿ. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತರಿಗೆ ಕೊಡಲೇಬೇಕಾದ ಕನಿಷ್ಠ ದರ, ಶೇ. 10.25 ಸಕ್ಕರೆ ಇಳುವರಿ ಇದ್ದರೆ ಕ್ವಿಂಟಲ್‌ಗೆ 355 ರೂಪಾಯಿ. ಇಳುವರಿ ಶೇ. 9.5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ 329.05 ರೂಪಾಯಿ. ಕಡಿಮೆ ದರವನ್ನೇ ಹಿಡಿದರೆ 40 ಟನ್‌ಗೆ 1,31,620 ರೂಪಾಯಿ. ಇದು ಕಾರ್ಖಾನೆ ಗೇಟಿನ ಬೆಲೆ. ಕಟಾವು, ಸಾಗಣೆ ಇದರಲ್ಲೇ ಕಳೆಯಬೇಕು. ಟನ್‌ಗೆ 800 ಅಂತ ಹಿಡಿದರೆ 32,000 ಹೋಯಿತು. ಉಳಿದದ್ದು ಒಂದು ಲಕ್ಷಕ್ಕೆ ಸ್ವಲ್ಪ ಕಡಿಮೆ. ಆ ಸುಟ್ಟ ಕಬ್ಬನ್ನು ಅವರು ಏನು ಮಾಡಿದರು ಅನ್ನುವುದು ಮುಂದಿನ ಪ್ರಶ್ನೆ. ಬೆಂಕಿ ಬಿದ್ದ ಕಬ್ಬಿನಲ್ಲಿ ಗರಿ ಸುಟ್ಟಿದ್ದರೂ ಜಲ್ಲೆಯಲ್ಲಿ ರಸ ಇರುತ್ತದೆ. ಕೆಲವೇ ದಿನಗಳಲ್ಲಿ ಕಡಿದು ಅರೆಸಿದರೆ ಒಂದಷ್ಟು ದುಡ್ಡು ಬರುತ್ತದೆ. ತಡವಾದರೆ ತೂಕವೂ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ಅವರು ಕಾರ್ಖಾನೆಗೋ ಆಲೆಮನೆಗೋ ಹಾಕಿದ್ದರೆ ಬಂದ ದುಡ್ಡನ್ನು ಕಳೆಯಬೇಕು. ಹಾಕುವ ಅವಕಾಶ ಇದ್ದೂ ಸುಮ್ಮನೆ ಬಿಟ್ಟಿದ್ದರೆ ಆ ಭಾಗದ ನಷ್ಟವನ್ನು ನಿಮ್ಮ ತಲೆಗೆ ಕಟ್ಟುವ ಹಾಗಿಲ್ಲ. ನಷ್ಟ ಆದವರಿಗೂ ಅದನ್ನು ಕಡಿಮೆ ಮಾಡಿಕೊಳ್ಳುವ ಕರ್ತವ್ಯ ಇದೆ. ಬುಡ ಸಾಯದಿದ್ದರೆ ಕೂಳೆ ಚಿಗುರುತ್ತದೆ, ಹಾಗಾಗಿ ಮುಂದಿನ ಬೆಳೆಯ ನಷ್ಟ ಕೇಳಿದ್ದರೆ ಅದನ್ನೂ ಪ್ರಶ್ನಿಸಬಹುದು.

40 ಟನ್ ಅನ್ನುವುದನ್ನೂ ಅವರು ಹೇಳಿದರು ಅಂತ ಒಪ್ಪಬೇಡಿ. ಹಿಂದಿನ ಹಂಗಾಮಿನ ತೂಕದ ಚೀಟಿ, ಕಾರ್ಖಾನೆ ಬಿಲ್ಲು ಕೇಳಿ. ಕಾರ್ಖಾನೆಗೆ ಒಪ್ಪಿಗೆ ಮಾಡಿಸಿದ್ದರೆ ಎಷ್ಟು ವಿಸ್ತೀರ್ಣ ಬರೆದಿದ್ದಾರೆ ಅಂತ ದಾಖಲೆ ಇರುತ್ತದೆ. ಪಹಣಿ ನೋಡಿ.

ಡ್ರಿಪ್ ಪೈಪಿಗೆ ಹೊಸದರ ಬೆಲೆ ಕೊಡಬೇಕಿಲ್ಲ. ಎಷ್ಟು ವರ್ಷ ಬಳಸಿದ್ದಾರೆ ಅಂತ ನೋಡಿ ಸವಕಳಿ ಕಳೆಯಬೇಕು. ತೆಂಗಿನ ಮರದಲ್ಲಿ ಸುಳಿ ನೋಡಿ. ಗರಿ ಸುಟ್ಟು ಸುಳಿ ಉಳಿದಿದ್ದರೆ ಮರ ಚೇತರಿಸಿಕೊಳ್ಳುತ್ತದೆ, ಆಗ ನಷ್ಟ ಒಂದೆರಡು ವರ್ಷದ ಕಾಯಿಯದು ಮಾತ್ರ. ಸುಳಿ ಸುಟ್ಟಿದ್ದರೆ ಇಡೀ ಮರದ ಬೆಲೆ, ಅದು ಕಡಿಮೆ ಏನಲ್ಲ. ಫಲ ಕೊಡುತ್ತಿದ್ದ ಮರಕ್ಕೆ ವಯಸ್ಸು, ಇಳುವರಿ ಎಲ್ಲ ಸೇರಿಸಿ ಲೆಕ್ಕ ಹಾಕುತ್ತಾರೆ. ತೋಟಗಾರಿಕೆ ಇಲಾಖೆಯವರಿಂದ ಅಂದಾಜು ಮಾಡಿಸುವುದು ಇಬ್ಬರಿಗೂ ಒಳ್ಳೆಯದು. ಮಾನಸಿಕ ಹಿಂಸೆಗೆ 1 ಲಕ್ಷ ಅನ್ನುವುದು ಬರೀ ಬೆಳೆ ನಷ್ಟದ ಕೇಸಿನಲ್ಲಿ ಸುಲಭಕ್ಕೆ ಸಿಗುವಂಥದ್ದಲ್ಲ. ನೋಟಿಸಿನ ಮೊತ್ತ ಯಾವಾಗಲೂ ದಪ್ಪವಾಗಿಯೇ ಇರುತ್ತದೆ. ದಾವೆ ಹಾಕುವಾಗ ಕೇಳಿದ ಮೊತ್ತಕ್ಕೆ ತಕ್ಕಂತೆ ಕೋರ್ಟ್ ಫೀ ಕಟ್ಟಬೇಕಲ್ಲ, ಆಗ ಅದು ತಾನಾಗಿಯೇ ಸ್ವಲ್ಪ ತೆಳ್ಳಗಾಗುತ್ತದೆ. ಎರಡೂ ಮರ ಸತ್ತಿವೆ ಅಂದುಕೊಂಡರೂ ನಿಮ್ಮದು ಒಂದೂವರೆ ಲಕ್ಷದ ಆಸುಪಾಸಿನಲ್ಲಿ ಮುಗಿಯಬಹುದಾದ ವ್ಯವಹಾರ ಅಂತ ನನ್ನ ಅಂದಾಜು. ದಾಖಲೆ ನೋಡಿದರೆ ಅದು ಹೆಚ್ಚು ಕಡಿಮೆ ಆಗಬಹುದು.

ಪೊಲೀಸ್ ದೂರಿನ ಬಗ್ಗೆ ಜಾಸ್ತಿ ಹೆದರಬೇಡಿ, ಹಗುರವಾಗಿಯೂ ತೆಗೆದುಕೊಳ್ಳಬೇಡಿ. ಬೆಳೆಗೆ ಬೇಕಂತಲೇ, ಅಥವಾ ಸುಡುತ್ತದೆ ಅಂತ ಗೊತ್ತಿದ್ದೂ ಬೆಂಕಿ ಇಟ್ಟರೆ 7 ವರ್ಷದವರೆಗೆ ಶಿಕ್ಷೆ ಇದೆ. ಅದಕ್ಕೆ ಉದ್ದೇಶ ಅಥವಾ ಅರಿವು ಬೇಕು. ಹಿರಿಯರ ಮಾತು ಕೆಲಸಕ್ಕೆ ಬರುವುದು ಇಲ್ಲಿ. ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಂ ಬೆಂಕಿಯ ವಿಷಯದಲ್ಲಿ ನಿರ್ಲಕ್ಷ್ಯ ತೋರಿದರೂ ಅಪರಾಧ ಅನ್ನುತ್ತದೆ. 6 ತಿಂಗಳವರೆಗೆ ಸಜೆ, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಿಂದೆ ಇದು ಐಪಿಸಿ 285 ಆಗಿತ್ತು. ಜಾಮೀನು ಸಿಗುವ ಅಪರಾಧ. ಆ ದಂಡ ಸರ್ಕಾರಕ್ಕೆ ಹೋಗುತ್ತದೆ, ಅದನ್ನು ಕಟ್ಟಿದರೆ ಪಕ್ಕದವರ ಬಾಕಿ ತೀರುವುದಿಲ್ಲ. ಕ್ರಿಮಿನಲ್ ಕೇಸು ಬಿದ್ದುಹೋದರೂ ಸಿವಿಲ್ ಕೇಸು ನಡೆಯಬಹುದು. ಅಲ್ಲಿ ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು, ಇಲ್ಲಿ ಯಾರ ಮಾತು ನಿಜ ಇರುವ ಸಾಧ್ಯತೆ ಹೆಚ್ಚು ಅಂತ ನೋಡಿದರೆ ಸಾಕು.

‘ತಪ್ಪಾಯ್ತು’ ಅಂದದ್ದಕ್ಕೆ ಪಶ್ಚಾತ್ತಾಪ ಪಡಬೇಡಿ. ಕೋರ್ಟಿನಲ್ಲಿ ಅದನ್ನು ಒಪ್ಪಿಗೆಯ ಮಾತು ಅಂತ ತೋರಿಸಬಹುದು ನಿಜ. ಆದರೆ ಅದೇ ಕೊನೆಯ ಮಾತಲ್ಲ, ಯಾವ ಅರ್ಥದಲ್ಲಿ ಹೇಳಿದಿರಿ ಅಂತ ವಿವರಿಸಬಹುದು. ಬದುವಿನ ಎರಡೂ ಕಡೆ ದಿನಾ ಮುಖ ನೋಡಬೇಕಾದವರು ನೀವು.

ನೋಟಿಸಿಗೆ ಉತ್ತರ ಕೊಡಿ. ಅದು ಕೋರ್ಟಿನ ಆದೇಶ ಅಲ್ಲ, ಉತ್ತರಿಸದಿದ್ದರೆ ಶಿಕ್ಷೆಯೂ ಇಲ್ಲ. ಆದರೆ ಸುಮ್ಮನಿದ್ದದ್ದನ್ನು ನಾಳೆ ಒಪ್ಪಿಕೊಂಡಂತೆ ಬಿಂಬಿಸುತ್ತಾರೆ. ಬೆಂಕಿ ಹಬ್ಬಿದ್ದು ವಿಷಾದದ ಸಂಗತಿ, ಮೊತ್ತವನ್ನು ಒಪ್ಪುವುದಿಲ್ಲ, ನಷ್ಟದ ದಾಖಲೆ ತೋರಿಸಿ, ಕೂತು ಮಾತಾಡಲು ಸಿದ್ಧ ಅಂತ ವಕೀಲರ ಮೂಲಕ ಬರೆಸಿ. ಬೆಂಕಿಯನ್ನೇ ಹಾಕಿಲ್ಲ ಅಂತ ಮಾತ್ರ ಬರೆಸಬೇಡಿ. ಊರೆಲ್ಲ ನೋಡಿದ ಹೊಗೆ ಅದು. ಒಂದು ಸುಳ್ಳು ಸಿಕ್ಕಿಬಿದ್ದರೆ ನಿಮ್ಮ ಲೆಕ್ಕದ ಮಾತನ್ನೂ ಯಾರೂ ನಂಬುವುದಿಲ್ಲ. ಇವತ್ತೇ ಹೋಗಿ ಎರಡೂ ಗದ್ದೆಯ ಫೋಟೋ ತೆಗೆಯಿರಿ, ಸುಳಿಯದೂ ಇರಲಿ. ಆ ಫೋನನ್ನು ಜೋಪಾನ ಮಾಡಿ. ಮೊಬೈಲ್ ಫೋಟೋವನ್ನು ಕೋರ್ಟಿಗೆ ಕೊಡುವಾಗ ಅದರ ಜೊತೆ ಒಂದು ಪ್ರಮಾಣಪತ್ರ ಬೇಕಾಗುತ್ತದೆ. ದಾವೆ ಹಾಕಲು ಅವರಿಗೆ ಸಾಮಾನ್ಯವಾಗಿ 3 ವರ್ಷ ಕಾಲಾವಕಾಶ ಇದೆ. ಹಾಗಾಗಿ ಆರು ತಿಂಗಳು ಸದ್ದಿಲ್ಲ ಅಂದಮಾತ್ರಕ್ಕೆ ಮುಗಿಯಿತು ಅಂದುಕೊಳ್ಳಬೇಡಿ.

ನನ್ನ ಸಲಹೆ ರಾಜಿ. ಅದನ್ನು ಬಾಯಿಮಾತಿನಲ್ಲಿ ಮುಗಿಸಬೇಡಿ. ದಾವೆ ಹೂಡುವ ಮುಂಚೆಯೇ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟು ಲೋಕ ಅದಾಲತ್‌ಗೆ ತರಿಸಬಹುದು. ಅಲ್ಲಿ ಆಗುವ ತೀರ್ಮಾನಕ್ಕೆ ಡಿಕ್ರಿಯ, ಅಂದರೆ ಸಿವಿಲ್ ಕೋರ್ಟಿನ ತೀರ್ಪಿನ, ಬೆಲೆ ಇದೆ, ಅದರ ಮೇಲೆ ಅಪೀಲು ಇಲ್ಲ. ನಾಳೆ ಅವರ ಅಣ್ಣತಮ್ಮಂದಿರು ಬಂದು ಇನ್ನಷ್ಟು ಕೊಡಿ ಅನ್ನುವ ಹಾಗಿಲ್ಲ. ಪಹಣಿಯಲ್ಲಿ ಯಾರ್ಯಾರ ಹೆಸರಿದೆಯೋ ಅವರೆಲ್ಲರ ಸಹಿ ಇರಲಿ. ಜಮೀನು ಗುತ್ತಿಗೆಗೋ ವಾರಕ್ಕೋ (ಬೆಳೆಯ ಪಾಲಿಗೋ) ಕೊಟ್ಟಿದ್ದರೆ ಬೆಳೆ ಯಾರದು ಅಂತ ಮೊದಲೇ ತಿಳಿದುಕೊಳ್ಳಿ. ‘ಪೊಲೀಸ್ ಕೇಸು ಮುಚ್ಚಿಸಲು ದುಡ್ಡು ಕೊಟ್ಟಿದೆ’ ಅನ್ನುವ ಅರ್ಥ ಬರುವ ಹಾಗೆ ಎಲ್ಲೂ ಬರೆಸಬೇಡಿ. ಅಂಥ ಒಪ್ಪಂದ ಕಾನೂನಿನಲ್ಲಿ ನಿಲ್ಲದೆ ಹೋಗಬಹುದು. ಬೆಳೆ, ಪೈಪು, ಮರಗಳ ನಷ್ಟಕ್ಕೆ ಪೂರ್ತಿ ಮತ್ತು ಅಂತಿಮ ಪರಿಹಾರ ಅಂತ ಬರೆಸಿದರೆ ಸಾಕು.

ದುಡ್ಡು ಕೈಗೆ ಕೊಡದೆ ಬ್ಯಾಂಕ್ ಖಾತೆಗೇ ಹಾಕಿ. ಒಂದೇ ಸಲ ಆಗದಿದ್ದರೆ ಕಂತು ಕೇಳಿ, ಕಂತಿನ ತಿಂಗಳನ್ನು ನಿಮ್ಮ ಕಬ್ಬಿನ ಬಿಲ್ಲು ಬರುವ ತಿಂಗಳಿಗೆ ಹೊಂದಿಸಿ. ಬಿಲ್ಲು ತಡವಾದರೆ ಎಷ್ಟು ದಿನ ಕಾಯಬೇಕು ಅನ್ನುವುದನ್ನೂ ಅದೇ ಕಾಗದದಲ್ಲಿ ಬರೆಸಿ.